‘ಸೆಟ್’ ಅನ್ನೋದಕ್ಕೆ ಕನ್ನಡದಲ್ಲಿ ಒಂದೇ ಪದ ಇದೆಯಾ? ಏಳನೇ ಕ್ಲಾಸ್ ಹುಡುಗಿ ಕೇಳಿದ ಪ್ರಶ್ನೆ

ವಿನೋಬನಗರದ ಮಾವ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗಳು ನಮ್ಮನೇಲೇ ಇದ್ದು ಓದ್ತಿದಾಳೆ, ಏಳನೇ ಕ್ಲಾಸ್. ಹೋದ ಭಾನುವಾರ ಇಂಗ್ಲಿಷ್ ಹೋಂವರ್ಕ್ ಹಿಡ್ಕೊಂಡು ಬಂದು ನನ್ನ ಪಕ್ಕ ಕೂತ್ಲು. ನಾಲ್ಕು ವಾಕ್ಯ, ನಾಲ್ಕರಲ್ಲೂ ‘ಸೆಟ್’ ಅನ್ನೋ ಪದದ ಕೆಳಗೆ ಪೆನ್ಸಿಲ್ ಗೆರೆ. ಸೂರ್ಯ ಪಶ್ಚಿಮದಲ್ಲಿ ಸೆಟ್ ಆಗ್ತಾನೆ. ಅಮ್ಮ ಊಟದ ಟೇಬಲ್ ಸೆಟ್ ಮಾಡಿದಳು. ಅಪ್ಪ ಒಂದು ಸೆಟ್ ಪುಸ್ತಕ ತಂದರು. ಸಿಮೆಂಟ್ ಸೆಟ್ ಆಯಿತು. ಪ್ರತಿಯೊಂದಕ್ಕೂ ಕನ್ನಡ ಅರ್ಥ ಬರೀಬೇಕು.

ನಾನು ಹೇಳಿದೆ: ಮುಳುಗು, ಅಣಿ ಮಾಡು, ಕಟ್ಟು, ಗಟ್ಟಿಯಾಗು. ಬರ್ಕೊಂಡ್ಲು. ಬರ್ದಾದ ಮೇಲೆ ನಾಲ್ಕನ್ನೂ ಮೇಲಿಂದ ಕೆಳಗೆ ಒಂದ್ಸಲ ಓದಿ, “ಮಾವ, ಇವು ನಾಲ್ಕಕ್ಕೂ ಒಂದಕ್ಕೊಂದು ಸಂಬಂಧಾನೇ ಇಲ್ವಲ್ಲ, ಅವರು ಒಂದೇ ಪದ ಯಾಕೆ ಇಟ್ಕೊಂಡ್ರು?” ಅಂದ್ಲು.

ನಂಗೆ ಉತ್ತರ ಗೊತ್ತಿರಲಿಲ್ಲ. “ಅದು ಹಂಗೇ, ಬಾಯಿಪಾಠ ಮಾಡು” ಅಂದುಬಿಟ್ಟೆ. ಹಂಗೆ ಅಂದಿದ್ದು ಇವತ್ತಿಗೂ ಮನಸ್ಸಿಗೆ ಚುಚ್ತಾ ಇದೆ. ಮಗು ಸರಿಯಾದ ಪ್ರಶ್ನೆ ಕೇಳಿತ್ತು. ಬಲ್ಲವರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ, ನಾನು ಅವಳಿಗೆ ಕೂತು ಹೇಳಬೇಕು.

ನಿಟ್ಟುವಳ್ಳಿ ಹುಡುಗ

ಅಣ್ಣ, ನಾಲ್ಕೇ ಅಲ್ಲ. ನಾನು ಬೆಳಿಗ್ಗೆಯಿಂದ ಎಣಿಸ್ತಾ ಇದೀನಿ. ಸೆಟ್ ದೋಸೆ, ಪಂಪ್‌ಸೆಟ್, ಹೆಡ್‌ಸೆಟ್, ಸಿನಿಮಾ ಸೆಟ್, ಬಳೆ ಸೆಟ್, ವಾಲಿಬಾಲ್‌ನಲ್ಲಿ ಸೆಟ್. “ಗಾಡಿ ಸೆಟ್ ಮಾಡಿಸ್ದೆ” ಅಂದ್ರೆ ಮೆಕ್ಯಾನಿಕ್ ಹತ್ರ ಹೋಗಿದ್ದ. “ನಮ್ ಸೆಟ್ ಹುಡುಗ್ರು” ಅಂದ್ರೆ ಗೆಳೆಯರ ಗುಂಪು. “ಅವನಿಗೂ ನಂಗೂ ಸೆಟ್ ಆಗಲ್ಲ” ಅಂದ್ರೆ ಜಗಳ. “ಅವರಿಬ್ರೂ ಸೆಟ್ ಆದ್ರು” ಅಂದ್ರೆ ಪ್ರೀತಿ. “ಲೈಫ್ ಸೆಟ್ ಆಯ್ತು” ಅಂದ್ರೆ ಕೆಲಸ ಸಿಕ್ತು. ಇಷ್ಟೂ ಇವತ್ತು ಒಂದೇ ದಿನ ನನ್ನ ಕಿವಿಗೆ ಬಿದ್ದಿದ್ದು.

ಉತ್ತರ ನಂಗೂ ಗೊತ್ತಿಲ್ಲ. ಕಾಯ್ತಾ ಇದೀನಿ.

ಕೋಟೆ ಊರಿನ ಮೇಷ್ಟ್ರು (ಚಿತ್ರದುರ್ಗ)

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಈ ಪ್ರಶ್ನೆಯನ್ನು ಕೇಳಿದ ಮಗುವಿಗೆ ಮೊದಲು ಶಾಭಾಸ್ ಹೇಳಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಂಗ್ಲಿಷಿನ ದೊಡ್ಡ ನಿಘಂಟು ಆಕ್ಸ್‌ಫರ್ಡಿನದು. ಮೊದಲ ಆವೃತ್ತಿ ಪೂರ್ತಿಯಾಗಿದ್ದು 1928ರಲ್ಲಿ. 1989ರಲ್ಲಿ 20 ಸಂಪುಟಗಳ ಎರಡನೇ ಆವೃತ್ತಿ ಬಂದಾಗ ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ಇದೇ ‘ಸೆಟ್’ ಪದಕ್ಕೆ. ಸುಮಾರು 430 ಅರ್ಥಗಳು, 60,000 ಪದಗಳ ವಿವರಣೆ. ಒಂದು ಪದದ ಅರ್ಥ ಹೇಳಲು ಒಂದು ಕಾದಂಬರಿಯಷ್ಟು ಜಾಗ! ಈಚೆಗೆ ಮೂರನೇ ಆವೃತ್ತಿಯ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಆ ಕ್ರಿಯಾಪದವೊಂದಕ್ಕೇ 645 ಅರ್ಥ ಎಂದು 2011ರಲ್ಲಿ ಸುದ್ದಿಯಾಗಿತ್ತು. ಹಾಗಾಗಿ ನಾಲ್ಕು ವಾಕ್ಯಕ್ಕೆ ತಡವರಿಸಿದ್ದಕ್ಕೆ ನೀವು ನೊಂದುಕೊಳ್ಳಬೇಕಿಲ್ಲ.

ಇನ್ನು ಮಗುವಿನ ಪ್ರಶ್ನೆ. ‘ಸಿಟ್’ ಅಂದರೆ ಕೂರು. ‘ಸೆಟ್’ ಅಂದರೆ ಕೂರಿಸು. ಬೀಗದ ಕೈ ಇಷ್ಟೇ.

ನಾವು ಕನ್ನಡದಲ್ಲಿ ಕುಡಿ–ಕುಡಿಸು, ಮಲಗು–ಮಲಗಿಸು, ಬೀಳು–ಬೀಳಿಸು ಎಂದು ‘ಇಸು’ ಹಚ್ಚಿ ಇನ್ನೊಬ್ಬರಿಂದ ಮಾಡಿಸುವ ಕ್ರಿಯೆ ಮಾಡಿಕೊಳ್ಳುತ್ತೇವೆ. ವ್ಯಾಕರಣದಲ್ಲಿ ಪ್ರೇರಣಾರ್ಥಕ ಎಂದು ಓದಿರುತ್ತೀರಿ. ಹಳೆಯ ಇಂಗ್ಲಿಷಿನಲ್ಲೂ ಈ ಏರ್ಪಾಡು ಇತ್ತು, ಆದರೆ ಅವರು ಬಾಲ ಹಚ್ಚುವ ಬದಲು ಒಳಗಿನ ಸ್ವರವನ್ನು ಬದಲಾಯಿಸಿದರು. ಸಿಟ್–ಸೆಟ್. ಲೈ–ಲೇ: ಮಲಗು, ಮಲಗಿಸು. ಫಾಲ್–ಫೆಲ್: ಬೀಳು, ಬೀಳಿಸು, ಮರ ಕಡಿದು ಉರುಳಿಸುವುದಕ್ಕೆ ಇವತ್ತಿಗೂ ‘ಫೆಲ್’ ಎನ್ನುತ್ತಾರೆ. ಡ್ರಿಂಕ್–ಡ್ರೆಂಚ್ ಕೂಡ ಕುಡಿ–ಕುಡಿಸು ಜೋಡಿಯೇ. ಈಗ ‘ಡ್ರೆಂಚ್’ ಅಂದರೆ ತೊಪ್ಪೆಯಾಗಿ ತೋಯಿಸು. ಅಡಿಕೆ ತೋಟದವರು ಬುಡಕ್ಕೆ ಔಷಧಿ ‘ಡ್ರೆಂಚಿಂಗ್’ ಮಾಡುತ್ತೇವೆ ಎನ್ನುತ್ತಾರಲ್ಲ, ಗಿಡಕ್ಕೆ ಕುಡಿಸುವುದೇ ಅದು.

ಸೂರ್ಯನ ವಿಷಯಕ್ಕೆ ಬಂದರೆ, ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎಂಬ ಪದವಿತ್ತು. ‘ಸೆಟ್ಲ್’ ಅಂದರೆ ಪೀಠ, ‘ಗಾಂಗ್’ ಅಂದರೆ ಹೋಗುವಿಕೆ. ದಿನವೆಲ್ಲ ನಡೆದ ಸೂರ್ಯ ಸಂಜೆಗೆ ತನ್ನ ಪೀಠಕ್ಕೆ ಹೋಗಿ ಕೂರುತ್ತಾನೆ ಎಂದು ಅವರ ಕಲ್ಪನೆ.

ಇದೇ ಮೂಲದ ಧಾತು ಸಂಸ್ಕೃತದಲ್ಲಿ ‘ಸದ್’. ಸದನ, ಸದಸ್ಯ, ಪರಿಷತ್ತು, ಸಂಸತ್ತು ಎಲ್ಲ ಅಲ್ಲಿಂದ ಬಂದವು, ಎಲ್ಲ ಕೂರುವ ಮಾತು. ಗುರುವಿನ ಹತ್ತಿರ ಕೆಳಗೆ ಕೂತು ಕಲಿತದ್ದು ಉಪನಿಷತ್ತು. ಅಂದರೆ ‘ಸೆಟ್’ ನಮ್ಮಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಅದರ ಅಕ್ಕ-ತಂಗಿಯರು ಸಂಸ್ಕೃತದ ದಾರಿ ಹಿಡಿದು ಕನ್ನಡಕ್ಕೆ ಬಂದು ಕೂತಿದ್ದರು.

ವಿನೋಬನಗರದ ಮಾವ

ಮೇಷ್ಟ್ರೇ, ಕೈ ಮುಗಿದೆ. ಸಂಸತ್ತಿಗೂ ಪಂಪ್‌ಸೆಟ್ಟಿಗೂ ನಂಟು ಇರುತ್ತೆ ಅಂತ ಯಾರು ಅಂದ್ಕೋತಾರೆ! ಆದ್ರೆ ಸಿಮೆಂಟು? ಅದು ಎಲ್ಲಿ ಕೂರುತ್ತೆ?

ಗಾರೆ ಕೆಲಸದವ, ಹೊಳಲ್ಕೆರೆ

ಅಣ್ಣ ಸಿಮೆಂಟಿನ್ ಇಷ್ಯ ನಾನ್ ಹೇಳ್ತೀನಿ. ಸೆಟ್ ಆಗಾದು ಬ್ಯಾರೆ, ಗಟ್ಟಿ ಆಗಾದು ಬ್ಯಾರೆ. ನೀವು ಮಗೀಗೆ ಗಟ್ಟಿಯಾಗು ಅಂತ ಬರ್ಸಿದ್ದು ಪೂರ್ತಿ ಸರಿ ಇಲ್ಲ, ತಪ್ಪು ತಿಳ್ಕಬ್ಯಾಡಿ.

ಸಿಮೆಂಟಿಗೆ ನೀರು ಬಿದ್ದಾಗಿನಿಂದ ಟೈಮ್ ಓಡ್ತೈತೆ. ಮಾಮೂಲಿ ಸಿಮೆಂಟು ಅರ್ಧ ಗಂಟೆ ಒಳಗೆ ಸೆಟ್ ಆಗಾಕೆ ಶುರು ಆಗಬಾರ್ದು, ಹತ್ತು ಗಂಟೆ ಒಳಗೆ ಪೂರ್ತಿ ಸೆಟ್ ಆಗ್ಲೇಬೇಕು ಅಂತ ಐಎಸ್‌ಐ ಲೆಕ್ಕ. ಅದ್ಕೇ ಕಲ್ಸಿದ್ ಮಾಲು ಇಟ್ಕಂಡು ಟೀ ಕುಡ್ಯಾಕೆ ಹೋಗಬ್ಯಾಡಿ ಅಂತ ಹುಡುಗ್ರಿಗೆ ಬೈಯೋದು ನಾವು. ಸೆಟ್ ಆತು ಅಂದ್ರೆ ಮಾಲು ಇನ್ನು ಅಲುಗಾಡಲ್ಲ, ಎಲ್ಲಿ ಹಾಕಿದ್ವೋ ಅಲ್ಲೇ ಕುಂತ್ಕಂತು ಅಂತ. ಹೆಬ್ಬೆಟ್ಟಿಂದ ಒತ್ತಿದ್ರೆ ಗುರ್ತು ಬೀಳಾದಿಲ್ಲ. ಆದ್ರೆ ಅವತ್ತು ಮೇಲೆ ಭಾರ ಹಾಕಿದ್ರೆ ಕುಸಿದೋಗ್ತೈತೆ. ಗಟ್ಟಿ ಆಗಾಕೆ ನೀರು ಹೊಡೀತಾನೇ ಇರ್ಬೇಕು. 28 ದಿನದ ಬಲ ಅಂತ ಲೆಕ್ಕ ಹಾಕ್ತಾರೆ ಇಂಜಿನಿಯರ್‌ಗಳು.

ನಾನು ಕಲಿಯೋ ಕಾಲ್ದಾಗೆ ಒಂದ್ಸಲ ಬೆಳಿಗ್ಗೆ ಹಾಕಿದ್ ತಾರಸಿ ಮ್ಯಾಲೆ ಸಾಯಂಕಾಲ ಅವಸರಕ್ಕೆ ಇಟ್ಟಿಗೆ ಏರ್ಸಿದ್ದೆ. ಸೆಟ್ ಆಗೇತಲ್ಲ ಅಂದ್ಕಂಡಿದ್ದೆ. ಬೆಳಿಗ್ಗೆ ನೋಡಿದ್ರೆ ಕೂದ್ಲೆಳೆ ಸೀಳು ಉದ್ದಕೂ. ನಮ್ ಮೇಸ್ತ್ರಿ ಬೈಲಿಲ್ಲ, “ಕುಂತೈತೆ ಕಣೋ, ಇನ್ನೂ ನಿಂತಿಲ್ಲ” ಅಂದ್ರು. ಆ ಮಾತು ಮೂವತ್ತು ವರ್ಷ ಆದ್ರೂ ಮರ್ತಿಲ್ಲ. ಇವತ್ತು ಮೇಷ್ಟ್ರು ಬರ್ದಿದ್ದು ಓದಿದ್ ಮ್ಯಾಲೆ ನಮ್ ಮೇಸ್ತ್ರಿ ಎಂಥಾ ಮಾತು ಹೇಳಿದ್ರು ಅಂತ ಗೊತ್ತಾತು.

ಇನ್ನೊಂದು. ಪಾಯಕ್ಕೆ ಮಣ್ಣು ತುಂಬಿದ್ ಮ್ಯಾಲೆ ಒಂದ್ ಮಳೆಗಾಲ ಬಿಡಿ ಅಂತೀವಿ. ಯಾಕಂದ್ರೆ ಮಣ್ಣು ‘ಕುಂತ್ಕಬೇಕು’. ಅದಕ್ಕೆ ಇಂಜಿನಿಯರ್‌ಗಳು ‘ಸೆಟ್ಲ್‌ಮೆಂಟ್’ ಅಂತಾರೆ. ನಾವು ಕುಂತ್ಕಳಾದು ಅಂತೀವಿ. ಬಾಗ್ಲು ಚೌಕಟ್ಟು ಕುಂದ್ರಿಸ್ತೀವಿ, ಕಲ್ಲು ಕುಂದ್ರಿಸ್ತೀವಿ. ದುರ್ಗದ ಕೋಟೆ ನೋಡಿ, ಎಷ್ಟೋ ಕಡೆ ಗಾರೇನೇ ಇಲ್ಲ, ಬಂಡೆಗೆ ಬಂಡೆ ಕಡ್ದು ಕುಂದ್ರಿಸಿದ್ದು. ಅಂಚಿಗೆ ಅಂಚು ಹೆಂಗ್ ಕುಂತವೆ ಅಂದ್ರೆ ಚಾಕು ತುದಿ ಹೋಗಲ್ಲ.

ಕೋಟೆ ಊರಿನ ಮೇಷ್ಟ್ರು

ಮೇಸ್ತ್ರಿಯವರೇ, “ಕುಂತೈತೆ, ಇನ್ನೂ ನಿಂತಿಲ್ಲ” ಎಂಬ ಮಾತನ್ನು ನಾಳೆ ನನ್ನ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ.

ಹ್ಯಾಚರಿಯವನು, ಹರಿಹರ

ನಾನು ಕೋಳಿ ಮರಿ ಮಾಡುವ ಹ್ಯಾಚರಿಯಲ್ಲಿ ಕೆಲಸ ಮಾಡೋದು. ನಮ್ಮಲ್ಲಿ ಎರಡು ಮಷೀನ್ ಇರ್ತವೆ, ಒಂದು ‘ಸೆಟ್ಟರ್’, ಇನ್ನೊಂದು ‘ಹ್ಯಾಚರ್’. ಮೊಟ್ಟೆ 18 ದಿನ ಸೆಟ್ಟರ್‌ನಲ್ಲಿ, ಕೊನೇ 3 ದಿನ ಹ್ಯಾಚರ್‌ನಲ್ಲಿ, ಒಟ್ಟು 21 ದಿನ. “ಇವತ್ತು ಎಷ್ಟು ಮೊಟ್ಟೆ ಸೆಟ್ ಮಾಡಿದ್ರಿ” ಅಂತ ದಿನಾ ಕೇಳ್ತಾರೆ. ಸೆಟ್ ಅಂದ್ರೆ ಟ್ರೇನಲ್ಲಿ ಜೋಡಿಸೋದು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ.

ಇವತ್ತು ಇದನ್ನ ಓದ್ತಾ ಓದ್ತಾ ನಮ್ಮಜ್ಜಿ ನೆನಪಾದ್ಲು. ಮಂಕರಿಗೆ ಹುಲ್ಲು ಹಾಸಿ, ಹತ್ತೋ ಹನ್ನೊಂದೋ ಮೊಟ್ಟೆ ಇಟ್ಟು, ಕೋಳಿನ ಮೆಲ್ಲಗೆ ಹಿಡ್ಕೊಂಡು ಬಂದು ಅದರ ಮೇಲೆ ಬಿಡ್ತಿದ್ಲು. “ಕೋಳಿ ಕಾವಿಗೆ ಕುಂದ್ರಿಸೀನಿ, ಯಾರೂ ಆ ಮೂಲಿಗೆ ಹೋಗಬ್ಯಾಡ್ರಿ” ಅಂತಿದ್ಲು. ಇಂಗ್ಲಿಷ್‌ನೋರೂ ಮೊದಲು ಕೋಳಿನ ಕೂರಿಸೋದಕ್ಕೇ ‘ಸೆಟ್’ ಅಂದಿರಬೇಕು. ಕೋಳಿ ಹೋಯ್ತು, ಕಬ್ಬಿಣದ ಪೆಟ್ಟಿಗೆ ಬಂತು, ಹೆಸರು ಮಾತ್ರ ಉಳೀತು ಅಂತ ಕಾಣುತ್ತೆ. ಮೇಷ್ಟ್ರೇ, ನಾನು ಹೇಳಿದ್ದು ಸರೀನಾ?

ಕೋಟೆ ಊರಿನ ಮೇಷ್ಟ್ರು

ಸರಿಯಾಗಿ ಹಿಡಿದಿರಿ. ಕಾವಿಗೆ ಕೂರಿಸುವುದಕ್ಕೆ ‘ಸೆಟ್’ ಎಂದು ಇಂಗ್ಲಿಷಿನ ಹಳ್ಳಿಗರು ಹಳೇ ಕಾಲದಿಂದ ಹೇಳುತ್ತಾ ಬಂದಿದ್ದಾರೆ.

ಜಗಳೂರು ಅಕ್ಕ

ನಾನು ಅಡಿಗೆ ಮನೆಯಿಂದ ಮಾತಾಡ್ತೀನಿ. ಕೂರಿಸು ಅನ್ನೋ ನಮ್ಮ ಮಾತೂ ‘ಸೆಟ್’ನಷ್ಟೇ ದೊಡ್ಡದು, ನಾವೇ ಎಣಿಸಿಲ್ಲ ಅಷ್ಟೆ. ಮೂಳೆ ಮುರಿದ್ರೆ ನಾಟಿ ವೈದ್ಯರು ಮೂಳೆ ಕೂರಿಸಿ ಕಟ್ತಾರೆ. ಅಕ್ಕಸಾಲಿಗರು ಓಲೆಗೆ ಹರಳು ಕೂರಿಸ್ತಾರೆ. ರವಿಕೆ ಚೆನ್ನಾಗಿ ಹೊಲಿದ್ರೆ ಭುಜದ ಹತ್ರ ಕೂತಿದೆ ಅಂತೀವಿ. ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೋದ್ರೆ ಹೊಸಾದು ತಂದು ಕೂರಿಸ್ತಾರೆ. ಪಟ್ಟಕ್ಕೆ ಕೂರಿಸ್ತಾರೆ, ಹಸೆಗೆ ಕೂರಿಸ್ತಾರೆ. ಮಾತು ಮನಸ್ಸಿನಲ್ಲಿ ಕೂರುತ್ತೆ. ಬಿಳಿ ಬಟ್ಟೆಗೆ ಕಲೆ ಕೂರುತ್ತೆ. ಮಳೆಗೆ ಗೋಡೆ ಕೂರುತ್ತೆ. ಕೊನೇದು ನೋಡಿ, ಅದು ಸೂರ್ಯ ಕೂತ ಹಾಗೇ, ಇಳಿದು ಹೋಗೋದು.

ಆದ್ರೆ ನಂಗೆ ಒಂದು ಸಂಕಟ ಇದೆ, ಹೇಳಿಬಿಡ್ತೀನಿ. ನಮ್ಮನೇಲಿ ಈಗ ಎಲ್ಲದಕ್ಕೂ ‘ಸೆಟ್’ ಒಂದೇ. ಮೊಸರು ಸೆಟ್ ಆಗಿಲ್ಲ ಅಂತಾಳೆ ನನ್ನ ಸೊಸೆ. ಹೆಪ್ಪಾಗಿಲ್ಲ ಅನ್ನೋ ಮಾತು ಎಲ್ಲಿ ಹೋಯ್ತು? ಹೊಸ ದೋಸೆ ಹಂಚು ತಂದಾಗ ಈರುಳ್ಳಿ ಅರ್ಧ ಹೋಳು ಮಾಡಿ, ಎಣ್ಣೇಲಿ ಅದ್ದಿ, ಕಾದ ಹಂಚಿಗೆ ಉಜ್ಜಿ ಉಜ್ಜಿ ನಾಲ್ಕು ದಿನ ಮಾಡಿದ್ರೆ ಹಂಚು ಪಳಗುತ್ತೆ. ಪಳಗೋದು! ದನ ಪಳಗಿದ ಹಾಗೆ ಹಂಚೂ ಪಳಗುತ್ತೆ. ಈಗ “ಹಂಚು ಸೆಟ್ ಆಯ್ತಾ ಅತ್ತೆ” ಅಂತ ಕೇಳ್ತಾಳೆ. ಊರಿನ ನೀರು ಒಗ್ಗಲಿಲ್ಲ ಅಂತಿದ್ವಿ, ಈಗ ನೀರು ಸೆಟ್ ಆಗ್ಲಿಲ್ಲ. ಸಂಬಂಧ ಕೂಡಿಬಂತು ಅಂತಿದ್ವಿ, ಈಗ ಮದುವೆ ಸೆಟ್ ಆಯ್ತು. ಹೆಪ್ಪಾಗು, ಪಳಗು, ಒಗ್ಗು, ಕೂಡಿಬರು. ನಾಲ್ಕು ಬಣ್ಣದ ನೂಲು ಇತ್ತು, ಈಗ ಒಂದೇ.

ಸೊಸೆ ಒಳ್ಳೆಯವಳು, ಅವಳ ಮೇಲೆ ದೂರಲ್ಲ. ಪದಗಳ ಮೇಲೆ ನಂಗೆ ಕರುಳು.

ನಿಟ್ಟುವಳ್ಳಿ ಹುಡುಗ

ಅಕ್ಕ, ನೀವು ಹೇಳಿದ್ದು ಓದಿ ಬೇಜಾರಾಯ್ತು, ಪಳಗೋದು ಅನ್ನೋ ಪದ ನಾನೂ ಬಿಟ್ಟು ವರ್ಷಗಳಾದ್ವು. ಆದ್ರೂ ಒಂದು ಮಾತು ಒಪ್ಪಲ್ಲ. “ಅವನಿಗೂ ನಂಗೂ ಸೆಟ್ ಆಗಲ್ಲ” ಅಂತ ಇಂಗ್ಲಿಷ್‌ನಲ್ಲಿ ಹೇಳಿದ್ರೆ ಇಂಗ್ಲಿಷ್‌ನೋರಿಗೆ ಅರ್ಥ ಆಗಲ್ಲ. ಅದು ಅವರ ಭಾಷೇಲಿ ಇಲ್ಲ. ನಾವೇ ಹುಟ್ಟಿಸಿದ್ದು. ‘ಆಗು’, ‘ಮಾಡು’ ಹಚ್ಚಿ, ನಮ್ಮ ಮನೆ ಬಾಗಿಲು ದಾಟಿಸಿ, ನಮ್ಮ ಕೆಲಸಕ್ಕೆ ಹಚ್ಕೊಂಡಿದೀವಿ. ಅದು ಈಗ ಕನ್ನಡದ ಪದಾನೇ ಅಲ್ವಾ?

ವಾಲಿಬಾಲ್‌ನಲ್ಲಿ ಇದಕ್ಕೆ ತಿರುಗುಮುರುಗು ಆಗಿದೆ ನೋಡಿ. ಬಾಲ್ ಎತ್ತಿ ಕೊಡೋನಿಗೆ ರೂಲ್ಸ್ ಪ್ರಕಾರ ‘ಸೆಟ್ಟರ್’. ಆದ್ರೆ ನಮ್ಮೂರುಗಳ ಟೂರ್ನಮೆಂಟ್‌ನಲ್ಲಿ ಅವನು ‘ಲಿಫ್ಟರ್’. 25 ಪಾಯಿಂಟಿನ ಆಟಕ್ಕೆ ಮಾತ್ರ ಸೆಟ್ ಅಂತೀವಿ. ಯಾವ ಅರ್ಥ ಬೇಕೋ ಅದನ್ನ ಇಟ್ಕೊಂಡು ಉಳಿದದ್ದನ್ನ ಬಿಟ್ಟಿದೀವಿ.

ಜಗಳೂರು ಅಕ್ಕ

ನೀನು ಹೇಳೋದೂ ನಿಜ ಕಣಪ್ಪ. ಬಂದಿದ್ದನ್ನ ಓಡಿಸು ಅಂತ ನಾನು ಅನ್ನಲ್ಲ. ಇದ್ದದ್ದನ್ನ ಹೊರಗೆ ಹಾಕಬೇಡಿ ಅಂತೀನಿ ಅಷ್ಟೆ. ಹಂಚು ಪಳಗಲಿ, ಲೈಫ್ ಬೇಕಾದ್ರೆ ಸೆಟ್ ಆಗಲಿ.

ಹಿರಿಯೂರು ದಾಳಿಂಬೆ

ನಮ್ಮ ಕಡೆ ದಾಳಿಂಬೆ ಬೆಳೆಗಾರರು ಸಿಕ್ಕಿದ್ರೆ ಮೊದಲ ಮಾತೇ “ಸೆಟ್ಟಿಂಗ್ ಹೆಂಗೈತೆ?” ಹೂವು ಉದುರದೆ ಕಾಯಿ ಆಗೋದಕ್ಕೆ ಸೆಟ್ಟಿಂಗ್ ಅಂತಾರೆ ಔಷಧಿ ಅಂಗಡಿಯೋರು, ಅವರಿಂದ ನಮಗೆ ಬಂತು. ನಮ್ಮಪ್ಪ “ಕಾಯಿ ಕಚ್ಚೈತಾ?” ಅಂತ ಕೇಳೋರು. ಗಿಡ ಕಾಯಿನ ಕಚ್ಕೊಂಡು ಹಿಡ್ದಿದೆ, ಬಿಡಲ್ಲ ಅಂತ. ಅಕ್ಕನ ಪಟ್ಟಿಗೆ ಇದನ್ನೂ ಸೇರಿಸ್ಕೊಳ್ಳಿ.

ವಿನೋಬನಗರದ ಮಾವ

ಎಲ್ಲಾ ಸರಿ. ಆದ್ರೆ ಒಂದು ಸೆಟ್ ಪುಸ್ತಕ, ಸೆಟ್ ದೋಸೆ, ನಮ್ ಸೆಟ್ ಹುಡುಗ್ರು? ಇಲ್ಲಿ ಕೂರಿಸೋದು ಎಲ್ಲಿ ಬಂತು? ಬೆಣ್ಣೆ ದೋಸೆ ಊರಲ್ಲಿದ್ದು ಸೆಟ್ ದೋಸೆ ಮಾತಾಡ್ತೀನಿ ಅನ್ಕೋಬೇಡಿ. ತಟ್ಟೆಗೆ ಮೂರು ಮೆತ್ತನೆ ದೋಸೆ ಒಟ್ಟಿಗೆ ಕೊಡ್ತಾರೆ ಅಂತ ತಾನೆ ಆ ಹೆಸರು? ನಮ್ಮ ಹುಡುಗಿ ಇದನ್ನ ಕೇಳೇ ಕೇಳ್ತಾಳೆ.

ಕೋಟೆ ಊರಿನ ಮೇಷ್ಟ್ರು

ಇದನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೆ. ಅದು ಬೇರೆ ಪದ. ನೋಡಲು ಒಂದೇ, ಹುಟ್ಟು ಬೇರೆ.

ಗುಂಪು ಎಂಬರ್ಥದ ‘ಸೆಟ್’ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ‘ಸೆಕ್ಟಾ’ ಇದೆ. ಒಬ್ಬರ ಹಿಂದೆ ನಡೆದವರು, ಒಂದು ದಾರಿ ಹಿಡಿದವರು, ಪಂಗಡ ಎಂದು ಅರ್ಥ. ಮತಪಂಥಕ್ಕೆ ಇಂಗ್ಲಿಷಿನಲ್ಲಿ ‘ಸೆಕ್ಟ್’ ಎನ್ನುವುದೂ ಅದನ್ನೇ. ಹಾಗಾಗಿ “ನಮ್ ಸೆಟ್ ಹುಡುಗ್ರು” ಎಂಬ ನಿಟ್ಟುವಳ್ಳಿಯ ಮಾತು ಆ ಮೂಲಕ್ಕೆ ತುಂಬಾ ಹತ್ತಿರ ಇದೆ. ಎರಡು ಹೊಳೆ ಬಂದು ಕೂಡಿದ ಹಾಗೆ ಎರಡು ಪದ ಒಂದೇ ಉಚ್ಚಾರಣೆಗೆ ಬಂದವು. ಕೂಡಿದ ಮೇಲೆ ಒಂದರ ನೀರು ಇನ್ನೊಂದಕ್ಕೆ ಸೇರಿತು. ಒಟ್ಟಿಗೆ ಕೂರಿಸಿಟ್ಟದ್ದೂ ಸೆಟ್ ಆಯಿತು, ಪಂಗಡವೂ ಸೆಟ್ ಆಯಿತು. ಈಗ ಅವನ್ನು ಬೇರ್ಪಡಿಸುವುದು ಕಷ್ಟ.

ನಿಮ್ಮ ಹುಡುಗಿಯ ಅನುಮಾನ ಅರ್ಧ ನಿಜವೇ. ನಾಲ್ಕು ವಾಕ್ಯದಲ್ಲಿ ಒಂದು ನಿಜಕ್ಕೂ ಬೇರೆ ಮನೆಯದು.

ಗಣಿತ ಟೀಚರ್, ಹೊಸದುರ್ಗ

ನಾನು ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ, ಈಗ ತಡ್ಕೊಳ್ಳೋಕೆ ಆಗ್ತಿಲ್ಲ. ಗಣಿತದಲ್ಲಿ ‘ಸೆಟ್’ಗೆ ಕನ್ನಡ ಪಠ್ಯದಲ್ಲಿ ‘ಗಣ’ ಅಂತೀವಿ. ಗಣಗಳು, ಉಪಗಣ, ಶೂನ್ಯಗಣ. ಗಣ ಅಂದ್ರೆ ಗುಂಪು, ಪಂಗಡ. ಶಿವಗಣ ಅಂತೀವಲ್ಲ ಅದೇ. ಮೇಷ್ಟ್ರು ಹೇಳಿದ ‘ಸೆಕ್ಟಾ’ಗೆ ಸರಿಯಾದ ಮಾತು.

ಗಣಗಳ ಒಡೆಯ ಗಣಪತಿ. ಭಾದ್ರಪದ ಬಂದ್ರೆ ನಾವು ಗಣಪತಿನ ಏನು ಮಾಡ್ತೀವಿ? ಕೂರಿಸ್ತೀವಿ! “ನಿಮ್ಮ ಬೀದೀಲಿ ಗಣಪತಿ ಕೂರ್ಸಿದ್ರಾ?” ಅಂತಾನೇ ಕೇಳೋದು. ಇಂಗ್ಲಿಷಿನ ಎರಡು ಸೆಟ್ಟೂ ನಮ್ಮ ಒಂದೇ ಮಾತಿನಲ್ಲಿ ಪಕ್ಕಪಕ್ಕ ಇವೆ.

ನಿಟ್ಟುವಳ್ಳಿ ಹುಡುಗ

ಟೀಚರ್, ಮೈ ಜುಮ್ ಅಂತು.

ಹರಪನಹಳ್ಳಿ ಕಡೆಯವ

ಇನ್ನೊಂದು ಐತ್ರೀ. ಹರಿಹರ ದಾಟಿ ರಾಣೆಬೆನ್ನೂರು ಕಡೆ ಹೋದ್ರ, ನಮ್ಮ ಹರಪನಹಳ್ಳಿ ಕಡೆನೂ, ಮನಿಗೆ ಬಂದವ್ರಿಗೆ “ಬರ್ರಿ, ಕೂಡ್ರಿ” ಅಂತೀವಿ. ಮಗುನ್ನ ತೊಡಿ ಮ್ಯಾಲ ಕೂಡಿಸಿಕೊಂತೀವಿ. ಅದೇ ‘ಕೂಡಿಸು’ ಲೆಕ್ಕದಾಗ ಬಂದ್ರ ಸೇರಿಸು, ಒಂದಕ್ಕೊಂದು ಹೊಂದಿಸು ಅಂತ ಆಗ್ತೈತಿ. ಮಂದಿ ಕೂಡಿದ್ರು ಅಂದ್ರ ಗುಂಪಾದ್ರು. ಅಂದ್ರ ‘ಕೂಡಿಸು’ ಅನ್ನೂದ್ರಾಗ ಕುಂದ್ರಿಸೂದೂ ಐತಿ, ಗುಂಪು ಮಾಡೂದೂ ಐತಿ. ಈ ಎಳಿ ಶುರುವಾಗಿದ್ದೇ ಒಂದೇ ಪದ ಐತೇನು ಅಂತ ಕೇಳಿ. ನಮ್ಮ ಕಡೆ ಐತಿ ನೋಡ್ರಿ.

ಕೋಟೆ ಊರಿನ ಮೇಷ್ಟ್ರು

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾನು ದುರ್ಗದವನು, ನಮ್ಮ ಬಾಯಲ್ಲಿ ಕುಂತ್ಕ, ಕುಂದ್ರು. ಕೂರುವ ‘ಕೂಡು’, ಸೇರುವ ‘ಕೂಡು’ ಒಂದೇ ಬೇರಿನವು ಎಂದು ನಾನು ಹೇಳುತ್ತಿಲ್ಲ. ಆದರೆ ಇವತ್ತು ನಿಮ್ಮ ಬಾಯಲ್ಲಿ ಅವೆರಡೂ ಒಂದೇ ರೂಪಕ್ಕೆ ಬಂದು ನಿಂತಿವೆ, ಥೇಟ್ ಇಂಗ್ಲಿಷಿನ ‘ಸೆಟ್’ನ ಹಾಗೆ.

ಒಂದು ಎಚ್ಚರಿಕೆಯೂ ಇರಲಿ. ಎಲ್ಲ ‘ಸೆಟ್’ಗೂ ಕೂರಿಸು ಹೊಂದುವುದಿಲ್ಲ. ಬೆಂಕಿ ಹಚ್ಚುವುದಕ್ಕೆ, ಪಯಣ ಹೊರಡುವುದಕ್ಕೆ, ಪ್ರಶ್ನೆಪತ್ರಿಕೆ ತೆಗೆಯುವುದಕ್ಕೆ ಅವರು ‘ಸೆಟ್’ ಅನ್ನುತ್ತಾರೆ, ನಾವು ಅಲ್ಲಿ ಕೂರಿಸಲು ಹೋದರೆ ಅಭಾಸವಾಗುತ್ತದೆ. ಅಲಾರಾಂ ನಾವು ಇಡುತ್ತೇವೆ. ಪರೀಕ್ಷೆಯಲ್ಲಿ ಮಗು ‘ಮುಳುಗು’, ‘ಅಣಿ ಮಾಡು’ ಎಂದೇ ಬರೆಯಲಿ, ಅಂಕ ಸಿಗುತ್ತದೆ. ಕೂರಿಸುವ ಕಥೆ ಅವಳ ತಲೆಯಲ್ಲಿ ಇರಲಿ.

ವಿನೋಬನಗರದ ಮಾವ

ಎಲ್ಲರಿಗೂ ಹೇಳಬೇಕು, ಅದಕ್ಕೇ ರಾತ್ರಿ ಹತ್ತಾದ್ರೂ ಬರೀತಾ ಇದೀನಿ.

ಊಟ ಆದ ಮೇಲೆ ಅವಳನ್ನ ಕರೆದು, “ಅವತ್ತು ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಹೇಳಲಿಲ್ಲ” ಅಂದೆ. ಸಿಟ್–ಸೆಟ್, ಕೂರು–ಕೂರಿಸು ಹೇಳಿದೆ. ಸಿಮೆಂಟಿಗೆ ಮೇಸ್ತ್ರಿಯವರ ಮಾತು ಹೇಳಿದೆ. ಸೂರ್ಯನ ಪೀಠ ಹೇಳಿದಾಗ ಕಣ್ಣು ಅಗಲ ಮಾಡಿದ್ಲು. ಹಳೇ ಪುಟ ತೆಗೆದು, ನಾನು ಬರೆಸಿದ ‘ಗಟ್ಟಿಯಾಗು’ ಮೇಲೆ ಅಡ್ಡಗೆರೆ ಎಳೆದು ‘ಕೂರು (ಇನ್ನೂ ನಿಂತಿಲ್ಲ)’ ಅಂತ ಪೆನ್ಸಿಲ್‌ನಲ್ಲಿ ಬರೆದ್ಲು. ಟೀಚರ್ ಏನಂತಾರೋ ಗೊತ್ತಿಲ್ಲ, ನಾನು ಅಳಿಸು ಅನ್ನಲಿಲ್ಲ.

ಆಮೇಲೆ ಅವಳೇ ಕೇಳಿದ್ಲು: “ಹಂಗಾದ್ರೆ ಮಾವ, ‘ಸೀಟ್’ ಅನ್ನೋದೂ ಇದೇ ಮನೇದಾ?” ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಏಳು–ಎಬ್ಬಿಸುಗೆ ಅವರು ಏನಂತಾರೆ?” ಮೇಷ್ಟ್ರೇ, ಅಲ್ಲಿಗೆ ನಾನು ನಿಂತಿದೀನಿ. ನಾಳೆ ಬೆಳಿಗ್ಗೆ ಸ್ಕೂಲಿಗೆ ಹೋಗೋದ್ರೊಳಗೆ ಹೇಳ್ತೀನಿ ಅಂದಿದೀನಿ.

ಕೋಟೆ ಊರಿನ ಮೇಷ್ಟ್ರು

ರೈಸ್–ರೇಸ್. ಸೂರ್ಯ ಏಳುವುದು ರೈಸ್, ಕೈ ಎತ್ತುವುದು ರೇಸ್. ಬೆಳಿಗ್ಗೆ ಎಬ್ಬಿಸುವಾಗಲೇ ಹೇಳಿಬಿಡಿ.